ತೊಗಟೆ ಸುಲಿದ ಮರ

ಸಂಗ್ರಹಾಲಯದ ಮೂರನೆಯ ಕೋಣೆಯ ಕಾವಲುಗಾರನನ್ನು ಎಲ್ಲರೂ ಕಾಡಣ್ಣ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಅರಣ್ಯ ಇಲಾಖೆಯಲ್ಲಿ ಕಾಡು ಕಾದವನು. ಉರುಳಿದ ಮರದಡಿ ಎಡಗಾಲು ಜಜ್ಜಿಹೋದ ಮೇಲೆ, ಕೂತು ಮಾಡುವ ಕೆಲಸವೆಂದು ಇಲ್ಲಿಗೆ ಹಾಕಿದ್ದರು. ಇಲ್ಲಿ ನೋಡಿದರೆ ಎದುರು ಗೋಡೆಯ ತುಂಬ ಡಚ್ಚರ ನಾಡಿನ ಹಳೆಯ ಕಲಾವಿದನೊಬ್ಬ ಬರೆದ ಕಾಡಿನ ಚಿತ್ರ!

“ಕಾಡು ನನ್ನನ್ನ ಬಿಡೋ ಹಾಗೆ ಕಾಣಲ್ಲ ಕಣೇ,” ಎಂದು ಹೆಂಡತಿಗೆ ಹೇಳಿದ್ದ.

“ಈ ಕಾಡಲ್ಲಿ ಸೊಳ್ಳೆಯಾದ್ರೂ ಇಲ್ವಲ್ಲ, ಬಿಡಿ,” ಎಂದಿದ್ದಳು ಅವಳು.

ಚಿತ್ರದಲ್ಲಿ ದೊಡ್ಡ ಓಕ್ ಮರಗಳು, ನಡುವೆ ಕೆಸರು ದಾರಿ, ದೂರದಲ್ಲಿ ನಿಂತ ಖಾಲಿ ಗಾಡಿ. ಕೆಳಗಿನ ಫಲಕದಲ್ಲಿ ‘ಪ್ರಕೃತಿಯ ಮಡಿಲಲ್ಲಿ ಸಂಜೆಯ ಶಾಂತಿ’ ಎಂದಿತ್ತು. ಮೊದಲ ವಾರ ಅವನೂ ಶಾಂತಿಯನ್ನೇ ಕಂಡ. ಆಮೇಲೆ ಕಣ್ಣು ನಡುವಿನ ಮರದ ಮೇಲೆ ನಾಟಿತು. ಬುಡದಿಂದ ಮೊಳದೆತ್ತರದಲ್ಲಿ ಕಾಂಡದ ಸುತ್ತ ಬೆಳ್ಳನೆಯ ಪಟ್ಟಿ; ತುದಿಯ ಎಲೆಗಳು ಮಾತ್ರ ಕಂದು. ಯಾರೋ ಸುತ್ತ ತೊಗಟೆ ಸುಲಿದಿದ್ದಾರೆ. ಮರ ನಿಂತಲ್ಲೇ ಸಾಯುತ್ತಿದೆ, ಒಣಗಿದ ಮೇಲೆ ಕಡಿದು ಸಾಗಿಸಲು ಗಾಡಿ ಕಾಯುತ್ತಿದೆ.

ಇಂಥದ್ದನ್ನು ಅವನು ಎಷ್ಟು ಕಂಡಿರಲಿಲ್ಲ! ಒಮ್ಮೆ ಒಂದೇ ಬೆಳಿಗ್ಗೆ ನಲವತ್ತಾರು ಮರ. ವರದಿ ಒಯ್ದರೆ ಸಾಹೇಬರು, “ರೋಗ ಬಂದಿದೆ ಅಂತ ಬರಿಯಪ್ಪ. ಊರ ಉಸಾಬರಿ ನಿನಗ್ಯಾಕೆ?” ಎಂದಿದ್ದರು. ತುಟಿ ಕಚ್ಚಿಕೊಂಡು ಹಾಗೇ ಬರೆದುಕೊಟ್ಟಿದ್ದ.

ಹೀಗಿರುವಾಗ ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವವರೊಬ್ಬರು ಬಂದು, ಆ ಬಿಳಿ ಪಟ್ಟಿಯತ್ತ ಬೆರಳು ಮಾಡಿ, “ಇಲ್ಲಿ ಬಣ್ಣ ಉದುರಿದೆ, ತುಂಬಬೇಕು,” ಎಂದರು. ಕಾಡಣ್ಣ ಎದ್ದು ಕುಂಟುತ್ತ ಹೋಗಿ, ಚಿತ್ರಗಳ ಉಸ್ತುವಾರಿಯ ಮೇಡಂ ಅವರನ್ನು ಚಿತ್ರದ ಮುಂದೆ ಕರೆತಂದ.

“ಮೇಡಂ, ಅದು ಬಣ್ಣ ಹೋಗಿರೋದಲ್ಲ. ತೊಗಟೆ ಸುಲಿದಿರೋದು. ಕೊಡಲಿ ಗುರುತು ನೋಡಿ, ಓರೆಯಾಗಿ ಇಳಿದಿದೆ.”

ಮೇಡಂ ಒಳ್ಳೆಯವರೇ. ಬಗ್ಗಿ ಬಹಳ ಹೊತ್ತು ನೋಡಿದರು. “ಇರಬಹುದು ಕಾಡಣ್ಣ. ಆದರೆ ಯಾವ ಪುಸ್ತಕದಲ್ಲೂ ಹಾಗೆ ಬರೆದಿಲ್ಲ. ನಾನು ಏನಂತ ಹೇಳಲಿ? ಕಾವಲುಗಾರ ಹೇಳಿದ ಅಂತಾನಾ?”

ಮಾತಿನಲ್ಲಿ ಅಣಕವಿರಲಿಲ್ಲ.

ಈ ಸಲ ಸುಮ್ಮನಿರಬಾರದೆಂದು ನಿರ್ದೇಶಕರಿಗೆ ಎರಡು ಪುಟದ ಅರ್ಜಿ ಬರೆದ. ಹೆಂಡತಿ ಕಾಗುಣಿತ ತಿದ್ದಿದಳು. ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಕೈಸೇರುವ ಹೊತ್ತಿಗೆ ಗೋಡೆಯ ಮೇಲೆ ಎರಡು ಮೊಳೆ ಮಾತ್ರ ಉಳಿದಿದ್ದವು.

ನಾಲ್ಕು ತಿಂಗಳ ಮೇಲೆ ಚಿತ್ರ ಮರಳಿತು. ಪಟ್ಟಿ ಮಾಯವಾಗಿತ್ತು. ಕಾಂಡದ ತುಂಬ ಒರಟು ಕಂದು ತೊಗಟೆ, ತುದಿಯವರೆಗೂ ಹಸಿರು. ನೋಡಿದವರೆಲ್ಲ ಹೊಗಳುವವರೇ.

ಒಂದು ಭಾನುವಾರ ಹೆಂಡತಿ ಮೊದಲ ಬಾರಿಗೆ ಅಲ್ಲಿಗೆ ಬಂದಳು. “ಯಾವುದು ರೀ, ನೀವು ಹೇಳ್ತಿದ್ದ ಮರ?”

ಅವನು ತೋರಿಸಿದ.

“ಚೆನ್ನಾಗೇ ಇದೆಯಲ್ಲ!”

ಮೊದಲು ಹೀಗಿರಲಿಲ್ಲ ಎನ್ನಲು ಬಾಯಿ ತೆರೆದ. ಹತ್ತಿರ ಹೋಗಿ ಕಾಂಡವನ್ನೇ ದಿಟ್ಟಿಸಿದ. ಕೂದಲೆಳೆಯಷ್ಟು ಗುರುತೂ ಸಿಗಲಿಲ್ಲ. ಕೊಡಲಿ ಏಟು ಎಡದಿಂದ ಬಲಕ್ಕೆ ಇಳಿದಿತ್ತೋ ಬಲದಿಂದ ಎಡಕ್ಕೋ, ಅದೂ ಈಗ ಅವನಿಗೆ ಸರಿಯಾಗಿ ನೆನಪಾಗಲಿಲ್ಲ.

“ಹೂಂ,” ಎಂದ. “ಸರಿಯಾಗಿ ಮಾಡಿದ್ದಾರೆ.”