ಮುಚ್ಚಿದ ಪೆಟ್ಟಿಗೆಯ ಶ್ರುತಿ

ದೆವ್ವ, ಪವಾಡ, ಮೈಮೇಲೆ ಬರುವುದು, ಇವುಗಳಲ್ಲಿ ಯಾವುದನ್ನೂ ನಾನು ನಂಬುತ್ತಿದ್ದವನಲ್ಲ. ನಂಬುವುದಾದರೂ ಹೇಗೆ? ನಾನು ಹಾರ್ಮೋನಿಯಂ ಮೇಷ್ಟ್ರು. ನಾಗಮಂಗಲ, ಕೆ.ಆರ್. ಪೇಟೆ ಸೀಮೆಯ ಹಳ್ಳಿಹಳ್ಳಿಗೂ ಪೆಟ್ಟಿಗೆ ಹೊತ್ತು ಹೋಗಿ ಪೌರಾಣಿಕ ನಾಟಕ ಕಲಿಸುವುದು ನನ್ನ ಕಸುಬಾಗಿತ್ತು. ರಂಗದ ಮೇಲೆ ಶ್ರೀಕೃಷ್ಣ ಧಗ್ಗನೆ ಪ್ರತ್ಯಕ್ಷನಾದರೆ ಜನ ಕೈಮುಗಿಯುತ್ತಿದ್ದರು. ಪಂಜಿಗೆ ರಾಳದ ಪುಡಿ ಎರಚಿ ಆ ಬೆಂಕಿ ಎಬ್ಬಿಸಿದವನು ಪರದೆಯ ಹಿಂದೆ ಬೀಡಿ ಸೇದುತ್ತಾ ಕೂತಿರುವುದು ನನಗೆ ಕಾಣುತ್ತಿತ್ತು. ಯಾರಾದರೂ ದೆವ್ವ ಕಂಡೆ ಅಂತ ಬಂದರೆ, "ಬಣ್ಣ ಸರಿಯಾಗಿ ಬಳ್ಕೊಂಡಿತ್ತೇನಯ್ಯ ಅದು?" ಅಂತ ಕೇಳಿ ಅವನ ಭಯವನ್ನೆಲ್ಲ ನಗೆಪಾಟಲು ಮಾಡಿಬಿಡುತ್ತಿದ್ದೆ.

ಅಂಥ ನಾನೇ ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕು ಅಂತೇನಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಿಂಡಿಗನವಿಲೆ ಕಡೆ ಒಂದು ನಾಟಕ ಮುಗಿಸಿಕೊಂಡು ಊರಿಗೆ ಹೊರಟಿದ್ದವನನ್ನು ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಅಂತೋಣಪ್ಪ ಅಡ್ಡಗಟ್ಟಿದ. ಅಲ್ಲಿಗೆ ನಾಲ್ಕು ಮೈಲಿ ದೂರದ ಒಂದು ಹಳ್ಳಿಯಲ್ಲಿ ಹದಿನೈದು ಕ್ರೈಸ್ತ ಮನೆಗಳಿದ್ದವು. ಅಂತೋಣಪ್ಪ ಆ ಮನೆಗಳಿಗೆ ಉಪದೇಶಿ. ಎಂದರೆ, ವಾರವೆಲ್ಲ ರಾಗಿ ಹೊಲದಲ್ಲಿ ದುಡಿದು, ಗುರುಗಳು, ಅಂದರೆ ಪಾದ್ರಿಗಳು, ಬಾರದ ಭಾನುವಾರಗಳಲ್ಲಿ ತಾನೇ ನಿಂತು ಪ್ರಾರ್ಥನೆ ನಡೆಸುವವನು.

"ಮೇಷ್ಟ್ರೇ, ನಮ್ಮ ಎಣ್ಮಕ್ಕಳಿಗೆ ಒಂದು ಆಡು ಕಲಿಸ್ಕೊಡ್ಬೇಕು. ಒಬ್ಬೊಬ್ರು ಒಂದೊಂದು ದಿಕ್ಕಿಗೆ ಎಳೀತಾವ್ರೆ" ಅಂದ.

ವಿಷಯ ಇಷ್ಟು. ಅವರ ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಶುಕ್ರವಾರ ಏಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನ. ಆವತ್ತು ಸಾಯಂಕಾಲ ದೊಡ್ಡ ಆರಾಧನೆ ಇರುತ್ತದೆ. ಎಲ್ಲರೂ ಬರಿಗಾಲಲ್ಲಿ ಹೋಗಿ ಶಿಲುಬೆಯ ಪಾದಕ್ಕೆ ಮುತ್ತಿಡುತ್ತಾರೆ. ಇವರು ಪ್ರತಿ ವರ್ಷ ಅದಕ್ಕಾಗಿ ಹಿಂದಿನ ದಿನವೇ ಗಾಡಿ ಕಟ್ಟಿಕೊಂಡು ಶ್ರೀರಂಗಪಟ್ಟಣದ ಕಡೆಯ ದೊಡ್ಡ ಚರ್ಚಿಗೆ ಹೋಗಬೇಕಿತ್ತು. ಅಂತೋಣಪ್ಪನ ತಾಯಿ ಮದಲೇನಮ್ಮ ಸೊಂಟ ಮುರಿದುಕೊಂಡು ಐದು ವರ್ಷವಾಗಿತ್ತು. ಗಾಡಿಯ ಕುಲುಕಾಟ ಆಕೆಗೆ ಆಗದು. ಐದು ವರ್ಷದಿಂದ ಆ ಮುತ್ತಿಲ್ಲ. ಪ್ರತಿ ಸಲ ಗಾಡಿ ಹೊರಟಾಗ ಮುದುಕಿ ಬಾಗಿಲಲ್ಲಿ ಕೂತು ಅಳುತ್ತಿತ್ತಂತೆ.

ಆ ವರ್ಷ ದೊಡ್ಡ ಚರ್ಚಿಗೆ ಇನ್ನೊಬ್ಬರು ಗುರುಗಳು ಬಂದಿದ್ದರಿಂದ, ಇವರ ಊರಿನ ಪ್ರಾರ್ಥನೆ ಮನೆಯಲ್ಲೇ ಆರಾಧನೆ ನಡೆಸಲು ಇಬ್ಬರಲ್ಲಿ ಒಬ್ಬರು ಒಪ್ಪಿದ್ದರು. ಆದರೆ ಕರಾರು ಹಾಕಿದ್ದರು: ಗಂಭೀರವಾಗಿ, ಅಚ್ಚುಕಟ್ಟಾಗಿ ನಡೆದರೆ ಮುಂದೆಯೂ ಪ್ರತಿ ವರ್ಷ ಬರುತ್ತೇವೆ, ಸಂತೆಯಾದರೆ ಮತ್ತೆ ಕೇಳಬೇಡಿ. ಅಂತೋಣಪ್ಪನ ನಿದ್ದೆ ಹಾರಿಹೋಗಿತ್ತು ಪಾಪ.

ನಾನು ಹನುಮಂತರಾಯನ ಒಕ್ಕಲು. ಶಿಲುಬೆಯ ವಿಚಾರ ನನಗೇನು ಗೊತ್ತು? ಆದರೆ ಮುದುಕಿಯ ಕಥೆ ಕೇಳಿ ಕರುಳು ಚುರ್ ಅಂದಿತು. ಬಸ್ಸು ಬಿಟ್ಟು ಅವನ ಹಿಂದೆ ಹೋದೆ.

ಹದಿನೈದು ದಿನ ಅವರ ಮನೆಯಲ್ಲೇ ಉಳಿದೆ. ನನ್ನ ಜೀವನದಲ್ಲಿ ಅಷ್ಟು ಸುಖವಾಗಿದ್ದ ದಿನಗಳು ಕಡಿಮೆ. ನಾಟಕ ಕಟ್ಟಿದ ಹಾಗೆಯೇ ಆರಾಧನೆಯನ್ನೂ ಕಟ್ಟಿದೆವು: ಯಾರು ಯಾವ ಬಾಗಿಲಿಂದ ಬರಬೇಕು, ಶಿಲುಬೆಯನ್ನು ಯಾರು ಹಿಡಿಯಬೇಕು, ಯಾರ ಹಿಂದೆ ಯಾರು. ಅಂತೋಣಪ್ಪ ತಾನೇ ಹಾಡು ಬರೆದಿದ್ದ, ಐದು ನುಡಿ. "ಯಾರಿಗಾಗಿ ಹೊತ್ತೆಯಪ್ಪ ಈ ಮರದ ಭಾರ" ಅಂತ ಶುರು. ನಾನು ಅಭ್ಯಾಸಬಲದಿಂದ ಅದಕ್ಕೊಂದು ಗತ್ತಿನ ಧಾಟಿ ಹಾಕಿದೆ. ಅಂತೋಣಪ್ಪ ಎರಡು ಸಾಲು ಕೇಳಿ ತಲೆ ಕೆರೆದುಕೊಂಡ.

"ಮೇಷ್ಟ್ರೇ, ಇದು ಭೀಮ ಗದೆ ಎತ್ಕಂಡು ಬಂದಂಗೈತೆ. ನಾವು ಸಾವಿನ ಮನೇಲಿ ಕುಂತಿರೋರು ಕಣ್ರಪ್ಪ."

ನಕ್ಕು ನಕ್ಕು ಸಾಕಾಯಿತು. ಆಮೇಲೆ ಶೋಕದ ಮುಖಾರಿ ರಾಗದಲ್ಲಿ ಕೂರಿಸಿದೆ, ನಿಂತಿತು. ಮುಂದಾಳಾಗಿ ಹಾಡುತ್ತಿದ್ದವಳು ಅಂತೋಣಪ್ಪನ ಹೆಂಡತಿ ಲೂರ್ದಮ್ಮ. ಒಳ್ಳೆಯ ಕಂಠ, ಆದರೆ ಶ್ರುತಿ ಹಿಡಿಯುವುದು ಮಾತ್ರ ಬಾರದು. ಪೆಟ್ಟಿಗೆಯ ನಾದ ಇದ್ದರೆ ಚಿನ್ನದಂತೆ ಹಾಡುವಳು. ಪೆಟ್ಟಿಗೆ ನಿಲ್ಲಿಸಿದೆನೋ, ಎರಡನೆಯ ನುಡಿಗೇ ಹಾಡು ಮೇಲಕ್ಕೆ ಮೇಲಕ್ಕೆ ಏರಿ, ನಾಲ್ಕನೆಯದರಲ್ಲಿ ಎಲ್ಲರ ಗಂಟಲೂ ಕಟ್ಟಿ, ಹೆಂಗಸರು ಕಿಸಕ್ಕನೆ ನಕ್ಕುಬಿಡುತ್ತಿದ್ದರು. ಹೋಗಲಿ ಬಿಡು, ಪೆಟ್ಟಿಗೆ ಹೇಗೂ ಇರುತ್ತದಲ್ಲ ಅಂತ ನಾನು ಸುಮ್ಮನಿದ್ದೆ.

ಶುಕ್ರವಾರ ಮಧ್ಯಾಹ್ನ ಗುರುಗಳು ಪಾಂಡವಪುರದಲ್ಲಿ ರೈಲಿಳಿದು ಗಾಡಿಯಲ್ಲಿ ಬಂದರು. ವಯಸ್ಸಾದವರು, ಕಟ್ಟುನಿಟ್ಟಿನವರು. ಪ್ರಾರ್ಥನೆ ಮನೆಯ ಒಳಗೆ ಕಾಲಿಟ್ಟವರೇ ಹಾರ್ಮೋನಿಯಂ ನೋಡಿ ನಿಂತರು.

"ಇದನ್ನು ಇಲ್ಲಿ ಯಾರು ಇಟ್ಟದ್ದು? ಗುರುವಾರದ ಪೂಜೆಯಿಂದ ಶನಿವಾರ ರಾತ್ರಿಯವರೆಗೆ ಗಂಟೆಯೂ ಇಲ್ಲ, ವಾದ್ಯವೂ ಇಲ್ಲ. ನಿಮಗೆ ಗೊತ್ತಿಲ್ಲವೇ?"

ಅಂತೋಣಪ್ಪನ ಮುಖ ಬಿಳಿಚಿಕೊಂಡಿತು. "ಗಂಟೆ ಬಾರಿಸ್ಬಾರ್ದು ಅಂತ ಗೊತ್ತಿತ್ತು ಸ್ವಾಮಿ. ಅದಕ್ಕೇ ಬಡಿಯಾಕೆ ಮರದ ಅಲಗೆ ಮಾಡಿಸಿಟ್ಟಿವ್ನಿ. ಪೆಟ್ಟಿಗೆ ಗಂಟೆ ಅಲ್ವಲ್ಲ ಅಂತ..." ಅಂದ. ದೊಡ್ಡ ಚರ್ಚಿನಲ್ಲಿ ಆವತ್ತು ವಾದ್ಯ ನುಡಿಸದೆ ಇದ್ದದ್ದನ್ನು ಅವನು ಅಷ್ಟು ವರ್ಷವೂ ಗಮನಿಸಿರಲೇ ಇಲ್ಲ.

ನನಗೆ ರೇಗಿಹೋಯಿತು. ಹದಿನೈದು ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ! ಅಂತೋಣಪ್ಪನನ್ನು ಹೊರಗೆ ಕರೆದು ಬಾಯಿಗೆ ಬಂದಂತೆ ಬೈದೆ. ಜೋಳಿಗೆ ಎತ್ತಿಕೊಂಡೆ. ಜಗಲಿಯಲ್ಲಿ ಕೂತಿದ್ದ ಮದಲೇನಮ್ಮ ನನ್ನ ಪಂಚೆಯ ಚುಂಗು ಹಿಡಿದುಕೊಂಡಳು.

"ಓಗ್ಬ್ಯಾಡ ಕಣ್ ಮಗ. ನೀನು ನುಡಿಸ್ದಿದ್ರೂ ಪರವಾಗಿಲ್ಲ, ಎದುರಿಗೆ ಕೂತ್ಕೊ. ನಿನ್ ಮೊಕ ನೋಡ್ಕಂಡು ಧೈರ್ಯ ತಕ್ಕತಾರೆ."

ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಒಳಗೆ ಹೋಗಿ ಗಾಳಿ ತುಂಬುವ ತಿದಿಯನ್ನು ಒತ್ತಿ ಮುಚ್ಚಿ, ಎರಡೂ ಕಡೆಯ ಕೊಂಡಿ ಹಾಕಿ, ಮುಚ್ಚಳ ಇಳಿಸಿ, ಮೇಲೆ ನನ್ನ ಟವೆಲ್ಲು ಹೊದಿಸಿದೆ. ಗೋಡೆ ಪಕ್ಕ ಕೂತು, ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು, ಎರಡೂ ಅಂಗೈಯನ್ನು ಟವೆಲ್ಲಿನ ಮೇಲೆ ಊರಿದೆ. ಗುರುಗಳು ಅದನ್ನು ನೋಡಿ ತಮ್ಮ ಕೆಲಸಕ್ಕೆ ಹೋದರು.

ಐದು ಗಂಟೆಗೆ ಮರದ ಹಲಗೆ ಬಡಿದರು, ಆರಾಧನೆ ಶುರುವಾಯಿತು. ವಾಚನವಾಯಿತು, ಪ್ರಾರ್ಥನೆಯಾಯಿತು. ಜನ ಉಸಿರು ಬಿಗಿಹಿಡಿದು ಕೂತಿದ್ದರು. ಆಮೇಲೆ ಶಿಲುಬೆ ಬಂತು. ಅಂತೋಣಪ್ಪ ತಾಯಿಯನ್ನು ಕೂಸಿನ ಹಾಗೆ ಎತ್ತಿಕೊಂಡು ಸಾಲಿನ ಮೊದಲಿಗೆ ನಿಂತ. ಲೂರ್ದಮ್ಮ ನನ್ನ ಕಡೆ ನೋಡಿದಳು.

ಆಗ ನನ್ನ ಅಂಗೈ ಕೆಳಗೆ ಪೆಟ್ಟಿಗೆ ಸಣ್ಣಗೆ ನಡುಗಿತು. ಮರುಗಳಿಗೆಗೆ ನಾದ ಕಿವಿಗೂ ಬಂತು. ನಾವು ಅಭ್ಯಾಸ ಮಾಡಿದ್ದ ಅದೇ ಷಡ್ಜ, ಬೆರಳೊತ್ತುವ ಐದನೆಯ ಬಿಳಿ ಮನೆಯದು, ಜೊತೆಗೆ ಪಂಚಮ. ಬಹಳ ಮೆಲ್ಲಗೆ, ಆದರೆ ಸ್ಪಷ್ಟವಾಗಿ. ನನ್ನ ಪೆಟ್ಟಿಗೆಯ ದನಿ ನನಗೆ ಗೊತ್ತಿಲ್ಲವೇ? ಹೆತ್ತ ಮಗುವಿನ ಅಳು ತಾಯಿಗೆ ಗೊತ್ತಾದ ಹಾಗೆ ಗೊತ್ತಾಯಿತು. ಕೈ ತೆಗೆಯೋಣವೆಂದರೆ ತೆಗೆಯಲಾಗಲಿಲ್ಲ.

ಲೂರ್ದಮ್ಮ ಸರಿಯಾಗಿ ಅದೇ ಶ್ರುತಿಗೆ ಹಾಡು ಎತ್ತಿದಳು. ಉಳಿದವರು ಸೇರಿಕೊಂಡರು. ಮದಲೇನಮ್ಮ ಶಿಲುಬೆಯ ಪಾದದ ಮೇಲೆ ಮುಖವಿಟ್ಟವಳು ಏಳಲೇ ಇಲ್ಲ. ಐದು ವರ್ಷದ ಬಾಕಿಯನ್ನೆಲ್ಲ ತೀರಿಸಿಕೊಳ್ಳುವವಳ ಹಾಗೆ ಮುತ್ತಿಡುತ್ತಲೇ ಇದ್ದಳು. ಗುರುಗಳೂ ಆತುರ ಪಡಿಸಲಿಲ್ಲ. ಹಿಂದಿನ ಸಾಲು ಕರಗುವ ಮೊದಲೇ ಐದು ನುಡಿ ಮುಗಿದವು; ಹೆಂಗಸರು ಮತ್ತೆ ಮೊದಲಿಂದ ಹಾಡಿದರು, ಮತ್ತೊಮ್ಮೆ ಹಾಡಿದರು. ಹಾಡು ಒಂದು ಕೂದಲೆಳೆಯಷ್ಟೂ ಏರಲಿಲ್ಲ, ಇಳಿಯಲಿಲ್ಲ. ಹಾಡಿನ ಕೊನೆಯ ಸಾಲು ನಿಂತ ಮೇಲೆ ಪೆಟ್ಟಿಗೆಯೂ ನಿಂತಿತು.

ಆರಾಧನೆ ಮುಗಿದು ಜನ ಗಂಜಿ ಕುಡಿಯಲು ಹೊರಗೆ ಹೋದರು. ಗುರುಗಳು ನೇರ ನನ್ನ ಹತ್ತಿರ ಬಂದರು.

"ಬೇಡ ಅಂದಿದ್ದೆನಲ್ಲ ಮೇಷ್ಟ್ರೇ."

ನಾನು ಟವೆಲ್ಲು ಸರಿಸಿದೆ. ಕೊಂಡಿಗಳು ಹಾಕಿದ ಹಾಗೆಯೇ ಇದ್ದವು. ಅವರು ಬಗ್ಗಿ ಎರಡೂ ಕಡೆ ಬೆರಳಿಟ್ಟು ನೋಡಿದರು. ನನ್ನ ಮುಖ ನೋಡಿದರು. "ನನಗೂ ಕೇಳಿಸಿತು" ಎಂದಷ್ಟೇ ಹೇಳಿ ಹೊರಗೆ ಹೋದರು. ಗಂಜಿ ಕುಡಿಯುತ್ತಾ ಅಂತೋಣಪ್ಪನಿಗೆ, ಮುಂದಿನ ವರ್ಷವೂ ಬರುತ್ತೇನೆ ಅಂದರಂತೆ. ಅವನು ಓಡಿಬಂದು ನನ್ನನ್ನು ತಬ್ಬಿಕೊಂಡ.

"ಗಟ್ಟಿಗರು ಕಣ್ರಪ್ಪ ನೀವು! ಟವೆಲ್ ಅಡೀಲೇ ಶ್ರುತಿ ಕೊಟ್ಬುಟ್ರಲ್ಲ!"

ನಾನಲ್ಲ ಮಾರಾಯ ಅಂತ ಮೂರು ಸಲ ಹೇಳಿದೆ. ಮೂರು ಸಲವೂ ಕಣ್ಣು ಮಿಟುಕಿಸಿ ನಕ್ಕ. ಊರಿಗೆ ಊರೇ ಹಾಗೇ ನಂಬಿತು.

ಆಮೇಲೆ ಎಷ್ಟೋ ಯೋಚಿಸಿದ್ದೇನೆ. ತಿದಿಯಲ್ಲಿ ಗಾಳಿ ಉಳಿದಿತ್ತೇ? ಉಳಿದರೂ ಅದು ಒಂದು ಗಳಿಗೆಗಿಂತ ಹೆಚ್ಚು ನಿಲ್ಲದು, ಮನೆ ಒತ್ತದೆ ನಾದವೂ ಹೊರಡದು. ನನಗೆ ಗೊತ್ತಿಲ್ಲದೆ ನಾನೇ ಗುನುಗಿದೆನೇ? ನಾಟಕದಲ್ಲಿ ಕೂಗಿ ಕೂಗಿ ಒಡೆದ ಗಂಟಲು ನನ್ನದು, ಮೂರು ಸುತ್ತು ಹಾಡಿಗೆ ಶ್ರುತಿ ಹಿಡಿಯುವ ಯೋಗ್ಯತೆ ಅದಕ್ಕಿಲ್ಲ. ಪೆಟ್ಟಿಗೆಯನ್ನು ಬಿಚ್ಚಿಸಿಯೂ ನೋಡಿದೆ. ಯಾವ ದೋಷವೂ ಇರಲಿಲ್ಲ. ಮತ್ತೆಂದೂ ಹಾಗಾಗಲೂ ಇಲ್ಲ.

ಆರಾಧನೆಯ ಮರುದಿನ ಹೊರಡುವಾಗ ಮದಲೇನಮ್ಮನ ಪಕ್ಕ ಕೂತು ನಿಜ ಹೇಳಿದೆ. "ನಾನು ನುಡಿಸಲಿಲ್ಲ ಅಜ್ಜಿ. ಹಾಗಾದರೆ ಯಾರು ನುಡಿಸಿದರು?"

ಮುದುಕಿ ನನ್ನ ಕೈ ನೇವರಿಸುತ್ತಾ ಬೊಚ್ಚುಬಾಯಲ್ಲಿ ನಕ್ಕಿತು. "ಯಾರಾದ್ರೇನ್ಲಾ ಮಗ. ನನ್ನೂರಲ್ಲೇ ನಾನು ಮುತ್ತಿಟ್ನಲ್ಲ."

ಅವಳಿಗೆ ಅಷ್ಟು ಸಾಕಾಗಿತ್ತು. ನಾನು ಮಾತ್ರ ಇವತ್ತಿಗೂ ಕೇಳಿಕೊಳ್ಳುತ್ತಲೇ ಇದ್ದೇನೆ.