ಮೂರು ವಿಷಲ್‌ನ ರೋಗಿ

ಕುಕ್ಕರ್ ಕೂಗಿದರೆ ಸಾಕು, ಇವತ್ತಿಗೂ ನನ್ನ ಎದೆ ಪರೀಕ್ಷೆಯ ದಿನದಂತೆ ಢವಢವ ಅನ್ನುತ್ತದೆ. ನಿನ್ನೆ ಸಂಜೆಯೂ ಹಾಗೇ ಆಯಿತು. ಡ್ಯೂಟಿ ಮುಗಿಸಿ ಬಂದು, ಇಂಗ್ಲೆಂಡಿನ ಈ ಪುಟ್ಟ ಅಡುಗೆಮನೆಯಲ್ಲಿ ಹುಳಿಗೆಂದು ಬೇಳೆ ಇಟ್ಟಿದ್ದೆ. ಮೊದಲ ವಿಷಲ್‌ನ ಜೊತೆ ಬೇಳೆ, ಅರಿಸಿನದ ಘಮ ಎದ್ದಿತು... ಅದರ ಹಿಂದೆಯೇ ಬೆಂಗಳೂರಿನ ನಮ್ಮ ಓನರ್ ಆಂಟಿ ಕಣ್ಣ ಮುಂದೆ ಬಂದು ನಿಂತರು.

ಬಸವೇಶ್ವರನಗರದ ಅವರ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ಬೆಂಗಳೂರಿನಲ್ಲೇ ಎಂಬಿಬಿಎಸ್ ಮುಗಿಸಿದ್ದ ನನಗೆ ಇಂಗ್ಲೆಂಡಿನಲ್ಲಿ ಕೆಲಸ ಮಾಡುವ ಹುಚ್ಚು ಹಿಡಿದಿತ್ತು. ಹೊರದೇಶದ ಡಾಕ್ಟರುಗಳಿಗೆ ಅಲ್ಲೊಂದು ಪ್ರಾಕ್ಟಿಕಲ್ ಪರೀಕ್ಷೆ. ನಟರು ರೋಗಿಗಳಾಗಿ ಬಂದು ಕೂರುತ್ತಾರೆ, ಗಂಟೆ ಹೊಡೆಯುವುದರೊಳಗೆ ಅವರೊಡನೆ ಮಾತಾಡಿ ಮುಗಿಸಬೇಕು. ಮೊದಲ ಸಲ ಫೇಲಾಗಿ ಬಂದೆ. ಓದಿದ್ದು ಸಾಲದೆ ಅಲ್ಲ, ರೋಗಿಯ ಮಾತಿಗೆ ಕಿವಿಗೊಡಲಿಲ್ಲವಂತೆ! ಇನ್ನೊಂದೇ ಒಂದು ಸಲ ಎಂದು ಅಪ್ಪ ಷರತ್ತು ಹಾಕಿದರು.

ವಿಷಯ ಕೇಳಿದ್ದೇ ಆಂಟಿ ಸೆರಗು ಸಿಕ್ಕಿಸಿದರು. "ನಟರು ತಾನೇ ಬೇಕಿರೋದು? ನಾನಿಲ್ವಾ?" ಗಣೇಶನ ಹಬ್ಬದ ನಾಟಕಗಳಲ್ಲಿ ವರ್ಷಾ ವರ್ಷಾ ಪಾತ್ರ ಮಾಡಿದವರು ಅವರು.

ಸಂಜೆಯಾದರೆ ಅವರ ಅಡುಗೆಮನೆಯೇ ನನ್ನ ಪರೀಕ್ಷೆಯ ಕೋಣೆ. ಕುಕ್ಕರ್ ಒಲೆ ಏರಿದರೆ ಶುರು, ಮೂರನೇ ವಿಷಲ್‌ಗೆ ಆಂಟಿ "ಟೈಮ್ ಆಯ್ತು, ಏಳೇ" ಎಂದು ಗದರಿದರೆ ಮುಗಿಯಿತು. ಒಂದು ದಿನ ಕಾಮಾಕ್ಷಿಪಾಳ್ಯದ ನಾದಿನಿಯ ಉಬ್ಬಸ, ಮರುದಿನ ಬಾಪೂಜಿ ನಗರದ ಭಾವನ ಹೊಟ್ಟೆನೋವು. ಅಬ್ಬಾ, ಏನು ಅಭಿನಯ! ಒಮ್ಮೆ ಅವರ ಕೆಮ್ಮು ಕೇಳಿ ಪಕ್ಕದ ಮನೆಯವರು ಬಿಸಿನೀರು ಹಿಡಿದು ಓಡಿ ಬಂದಿದ್ದರು. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು.

ಎಡವಟ್ಟಾಗುತ್ತಿದ್ದುದು ಒಂದೇ ಪ್ರಶ್ನೆಯಲ್ಲಿ. ನಿಮಗೆ ಯಾವುದರ ಚಿಂತೆ ಕಾಡುತ್ತಿದೆ ಎಂದು ರೋಗಿಯನ್ನು ಕೇಳಿ, ಉತ್ತರಕ್ಕೆ ಕಾಯಬೇಕು. ನಮ್ಮೂರಿನ ಆಸ್ಪತ್ರೆಯ ಓಪಿಡಿಯ ನೂಕುನುಗ್ಗಲಿನಲ್ಲಿ ಅದನ್ನು ಕೇಳಿ ನನಗೆ ಅಭ್ಯಾಸವೇ ಇರಲಿಲ್ಲ. ಕೇಳಿದರೆ ಆಂಟಿ ಪಾತ್ರ ಬಿಟ್ಟು ರೇಗುತ್ತಿದ್ದರು.

"ಅದು ನಂಗೇ ಗೊತ್ತಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ? ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅನ್ನೋಕೆ ಅಷ್ಟು ದೂರ ಹೋಗ್ಬೇಕೇನೇ?"

ನಾನೂ ಕಾಯದೆ ಮುಂದಿನ ಪ್ರಶ್ನೆಗೆ ಹಾರುತ್ತಿದ್ದೆ.

ಎರಡನೇ ಸಲ ಪರೀಕ್ಷೆಗೆ ಹೊರಡುವ ಹಿಂದಿನ ಸಂಜೆ ಅದೇ ಪ್ರಶ್ನೆ ಕೇಳಿದೆ. ಆಂಟಿ ರೇಗಲಿಲ್ಲ. ಯಾಕೋ ನಾನೂ ಸುಮ್ಮನೆ ಕೂತೆ. ಮೂರನೇ ವಿಷಲ್ ಆಯಿತು, ಕುಕ್ಕರ್ ಕೂಗುತ್ತಲೇ ಇತ್ತು... ಅವರು ಏಳಲಿಲ್ಲ.

"ನೀನು ಮತ್ತೆ ಫೇಲಾಗ್ಬಿಟ್ರೆ ಅಂತ ನಂಗೆ ನಿದ್ದೇನೇ ಬರ್ತಿಲ್ಲ ಕಣೇ."

ಅದು ನಾಟಕವಾಗಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಆ ದಿನ ಬೇಳೆ ತಳ ಹಿಡಿದು, ಅವರ ಮನೆಯವರೆಲ್ಲ ಮೊಸರನ್ನ ಉಂಡರು.

ಪರೀಕ್ಷೆಯಲ್ಲಿ ಬೆಳ್ಳಿಕೂದಲಿನ ಹೆಂಗಸೊಬ್ಬರು ರೋಗಿಯಾಗಿ ಕೂತಿದ್ದರು. ಆ ಪ್ರಶ್ನೆ ಕೇಳಿ, ಬಾಯಿ ಮುಚ್ಚಿಕೊಂಡು ಕಾದೆ. ಆಕೆ ನಿಧಾನವಾಗಿ ಮನಸ್ಸು ಬಿಚ್ಚಿದರು. ಗಂಟೆ ಹೊಡೆದಾಗ ನನ್ನ ಕೈ ತಾನಾಗಿಯೇ ಒಲೆ ಆರಿಸಲು ಚಾಚಿತ್ತು! ಪಾಸಾದ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ಆಂಟಿ ಗೇಟಿಗೆ ಓಡಿಹೋಗಿ, "ನಾನು ಪಾಸಾದೆ ಕಣ್ರೀ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರಂತೆ.

ಹೋದ ವರ್ಷ ಅವರು ನಿಜವಾಗಿಯೇ ಆಸ್ಪತ್ರೆ ಸೇರಿದರು. ಹೃದಯ ಸೋತಿತ್ತು. ವಿಡಿಯೋ ಕಾಲ್‌ನಲ್ಲಿ, ಮೂಗಿಗೆ ಆಕ್ಸಿಜನ್ ಇದ್ದಾಗಲೂ ಅದೇ ತುಂಟ ನಗು. "ಎಲ್ಲೇ ಡಾಕ್ಟ್ರಮ್ಮ, ಕೇಳು ನಿನ್ನ ಪ್ರಶ್ನೆ."

ಹೇಗೋ ಕೇಳಿದೆ, ಕಾದೆ.

"ನಂಗೇನೂ ಚಿಂತೆ ಇಲ್ಲ ಕಣೇ. ಇಲ್ಲಿ ಡಾಕ್ಟ್ರು ಯಾರೂ ಇದನ್ನ ಕೇಳ್ಲೇ ಇಲ್ಲ. ಎಲ್ರನ್ನೂ ಫೇಲ್ ಮಾಡ್ತೀನಿ ನೋಡ್ತಿರು!"

ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು...

ನಿನ್ನೆ ಮೂರನೇ ವಿಷಲ್ ಆದಾಗ ಏಳಲು ಮನಸ್ಸಾಗಲಿಲ್ಲ. ಟೈಮ್ ಆಯ್ತು ಏಳೇ ಎಂದು ಗದರುವವರು ಇನ್ನಿಲ್ಲ ಎಂಬುದು ಆಗ ಹೊಸದಾಗಿ ತಿಳಿದಂತೆ ಸಂಕಟವಾಯಿತು. ಎದುರಿನ ಖಾಲಿ ಕುರ್ಚಿ ನೋಡುತ್ತಾ ಕೂತೇ ಇದ್ದೆ. ಕುಕ್ಕರ್ ಕೂಗುತ್ತಲೇ ಇತ್ತು. ಕೊನೆಗೆ ಎದ್ದು ಒಲೆ ಆರಿಸುವಾಗ ಬೇಳೆ ತಳ ಹಿಡಿದಿತ್ತು. ಮೊಸರನ್ನ ಕಲಸಿಕೊಂಡೆ.