ಮಾಮಾ ನಾಯಿಗೆ ಕಲಿಸಿದ ‘ತಡಿ’

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ನೆನಪಿನಲ್ಲಿ ಆ ನಾಯಿ ಅಚ್ಚ ಬಿಳಿ. ಮಾಮಾನ ಹೆಂಡತಿ ಅತ್ತಿಯನ್ನು ಕೇಳಿದರೆ ಬೆನ್ನ ಮೇಲೆ ಕಂದು ಮಚ್ಚೆ ಇತ್ತು ಅನ್ನುತ್ತಾಳೆ. ನಾನಾಗ ಧಾರವಾಡದಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೆನೋ ಮೂರನೆಯದರಲ್ಲಿದ್ದೆನೋ, ಅದೂ ಖಚಿತವಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ಬೇಸಿಗೆ ರಜೆಯಿತ್ತು, ಇಷ್ಟು ನಿಜ. ಆಗಲೂ ದಿನಚರಿ ಬರೆಯುತ್ತಿದ್ದೆ. ಆ ದಿನದ ಪುಟ ತೆಗೆದರೆ ಎರಡೇ ವಾಕ್ಯಗಳಿವೆ: ‘ಮಾಮಾಗೆ ನಾಯಿ ಕಚ್ಚಿತು. ಬಿಸಿಲು ಭಾಳ.’ ಬರೆಯಬೇಕಾದದ್ದನ್ನು ಬಿಟ್ಟು ಬಿಸಿಲಿನ ಬಗ್ಗೆ ಬರೆದ ಆ ಹುಡುಗಿಯನ್ನು ನಾನು ಪೂರ್ತಿ ನಂಬುವುದಿಲ್ಲ.

ಮಾಮಾ ನನ್ನ ತಾಯಿಯ ತಮ್ಮ. ಯಲಬುರ್ಗಾ ಕಡೆಯ ಹಳ್ಳಿಯವನು. ಕುರಿ ಕತ್ತರಿಸುವುದು, ಅಂದರೆ ಕುರಿಯ ಮೈಮೇಲಿನ ಉಣ್ಣೆ ತೆಗೆಯುವುದು, ಅವನ ಕೆಲಸ. ಹಂಗಾಮು ಬಂದಾಗ ಕುಷ್ಟಗಿ, ಕುಕನೂರು ಕಡೆಯ ಹಟ್ಟಿಗಳನ್ನು ಸುತ್ತಿ ಬರುತ್ತಿದ್ದ. ಉಳಿದ ತಿಂಗಳು ಕತ್ತರಿಗೆ ಕೆಲಸವಿಲ್ಲ. ಅದಕ್ಕೇ ಅವನೂ ಅತ್ತಿಯೂ ಗಂಗಾವತಿಗೆ ಬಂದು ಊರ ಅಂಚಿನಲ್ಲಿ ಮನೆ ಮಾಡಿದ್ದರು. ಅತ್ತಿ ಭತ್ತದ ನಾಟಿಗೆ ಹೋಗುತ್ತಿದ್ದಳು. ಒಣಭೂಮಿಯಲ್ಲಿ ಬೆಳೆದವಳಿಗೆ ದಿನವಿಡೀ ಕೆಸರು ನೀರಿನಲ್ಲಿ ಬಗ್ಗಿ ನಿಲ್ಲುವುದು ಒಗ್ಗಲಿಲ್ಲ. ಕಾಲ್ಬೆರಳುಗಳ ಸಂದಿ ಬಿಳಿಚಿಕೊಂಡು ಬಿರಿಯುತ್ತಿತ್ತು. ಸಂಜೆ ಬೇವಿನೆಣ್ಣೆ ಹಚ್ಚಿಕೊಳ್ಳುತ್ತ, “ಮೀನಾಗಿ ಹುಟ್ಟಿದ್ರ ಛಲೋ ಇತ್ತು” ಅನ್ನುತ್ತಿದ್ದಳು.

ಊರ ಹೊರಗೆ ಕಾಲುವೆ ಇಂಜಿನಿಯರುಗಳ ಬಂಗಲೆಗಳಿದ್ದವು. ಅವುಗಳಲ್ಲೊಂದರಲ್ಲಿ ಉದ್ದ ಕೂದಲಿನ ಒಂದು ನಾಯಿ. ಮೈತುಂಬ ಉತ್ತರಾಣಿ ಅಂಟಿಕೊಂಡು, ಕೂದಲು ಗಂಟುಗಟ್ಟಿ, ಗಂಟಿನೊಳಗೆ ಉಣ್ಣಿ ಸೇರಿ, ಪಾಪ, ರಾತ್ರಿ ಹಗಲು ಕೆರೆದುಕೊಳ್ಳುತ್ತಿತ್ತಂತೆ. ಊರಿನ ಕ್ಷೌರದ ಅಂಗಡಿಯವನನ್ನು ಕರೆಸಿದರೆ, “ನಾಯಿ ಮುಟ್ಟಿದ ಕತ್ತರಿಗೆ ನಾಳಿ ಯಾರು ತಲಿ ಕೊಡ್ತಾರ್ರಿ?” ಎಂದು ಹೊರಟುಹೋಗಿದ್ದ. ಬಂಗಲೆಯ ಕಾವಲುಗಾರ ಮಾಮಾನ ಊರಿನವನು. “ನಮ್ಮ ಕಡ್ಯಾಂವ ಒಬ್ಬ ಕುರಿ ಕತ್ತರಸ್ತಾನ್ರಿ” ಎಂದು ಸಾಹೇಬರಿಗೆ ಹೇಳಿದ.

ಸಾಹೇಬರ ಹೆಂಡತಿ ದೂರದವರು, ಕೇರಳದ ಕಡೆಯವರೆಂದು ನೆನಪು. ಎಲ್ಲರೂ ಅವರನ್ನು ‘ಬಾಯಾರು’ ಎಂದು ಕರೆಯುತ್ತಿದ್ದರು. ಅವರಿಗೆ ಕನ್ನಡ ಬಾರದು, ಇಂಗ್ಲಿಷ್ ಮಾತ್ರ. ರಜೆಗೆ ಬಂದಿದ್ದ ನನ್ನನ್ನು ನೋಡಿ ಮಾಮಾನಿಗೆ ಹೆಮ್ಮೆ ಉಕ್ಕಿತು.

“ನಮ್ಮ ಸೊಸಿ ಇಂಗ್ಲಿಷ್ ಕಲ್ತಾಳ. ಅಕಿನ್ನ ಕರಕೊಂಡು ಹೊಕ್ಕೀನಿ.”

“ಕುರಿ ಉಣ್ಣಿ ಸಾಲಲಿಲ್ಲ, ನಾಯಿ ಉಣ್ಣಿಗೆ ಹೊಂಟ್ರಿ” ಅಂದಳು ಅತ್ತಿ. ನಮ್ಮ ಆಡುಮಾತಿನಲ್ಲಿ ಉಣ್ಣೆಯೂ ಉಣ್ಣಿಯೇ, ರಕ್ತ ಹೀರುವ ಹುಳವೂ ಉಣ್ಣಿಯೇ. ಮಾಮಾ ಬಹಳ ಹೊತ್ತು ನಕ್ಕ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಪುಸ್ತಕ ಓದಬಲ್ಲೆ, ಮಾತು ಕಿವಿಗೆ ಬಿದ್ದರೆ ತಡವರಿಸುತ್ತಿದ್ದೆ. ಇದನ್ನು ಮಾಮಾನಿಗೆ ಹೇಳಲಿಲ್ಲ. ಆ ಬಂಗಲೆಯ ಹಿತ್ತಲಿನಲ್ಲಿ, ಬೇವಿನ ಮರದ ಕೆಳಗೆ, ಮಾಮಾ ನಾಯಿಯ ಬೆನ್ನು, ಹೊಟ್ಟೆ, ಬಾಲ ಎಲ್ಲ ತೆಗೆದ. ನಾಯಿ ಸುಮ್ಮನೆ ನಿಂತಿತ್ತು. “ಕುರಿಗಿಂತ ಶಾಣ್ಯಾ ಐತಿ” ಎಂದು ಹೊಗಳುತ್ತಲೂ ಇದ್ದ. ಆಗ ಬಾಯಾರು ಒಂದೇ ಉಸಿರಿಗೆ ಏನೋ ಹೇಳಿದರು. ಅದರಲ್ಲಿ ನನಗೆ ಸಿಕ್ಕಿದ್ದು ಎರಡೇ ಶಬ್ದ: ಏನೋ ಮಾಡುವುದಿಲ್ಲ ಎನ್ನುವ ‘ವೋಂಟ್’ ಮತ್ತು ಕಿವಿ ಎನ್ನುವ ‘ಇಯರ್ಸ್’.

“ಏನಂತವ್ವ?” ಮಾಮಾ ಕೇಳಿದ.

ಇನ್ನೊಮ್ಮೆ ಹೇಳಿ ಎಂದು ಬಾಯಾರನ್ನು ಕೇಳಬಹುದಿತ್ತು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಕೇಳಬೇಕೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೇಳಿದೆ, “ಏನೂ ಮಾಡಂಗಿಲ್ಲಂತ ಮಾಮಾ. ಕಿವಿ ಮ್ಯಾಲಿಂದೂ ತಗೀಬೇಕಂತ.”

ಅವನು ಕಿವಿ ಹಿಡಿದ. ಆಮೇಲಿನದು ನನಗೆ ತುಂಡುತುಂಡಾಗಿ ನೆನಪಿದೆ. ಕತ್ತರಿ ಕಲ್ಲಿನ ಮೇಲೆ ಬಿದ್ದ ಸದ್ದು, ನಲ್ಲಿಯ ಕೆಳಗೆ ಹಿಡಿದ ಕೈ, ಬಾಯಾರು ಅಳುತ್ತಿದ್ದದ್ದು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಹಲ್ಲು ಇಳಿದಿತ್ತು. ಕತ್ತರಿಯ ಬಳೆಯೊಳಗೆ ಹೋಗುವ ಬೆರಳು ಅದೇ.

ದಿನಕ್ಕೊಂದರಂತೆ ಹದಿನಾಲ್ಕು ಇಂಜೆಕ್ಷನ್, ಹೊಕ್ಕಳ ಸುತ್ತ. ಅತ್ತಿ ದಿನಾ ಅವನೊಂದಿಗೆ ದವಾಖಾನೆಗೆ ನಡೆದು ಹೋಗುತ್ತಿದ್ದಳು. ಮನೆಗೆ ಬಂದ ಮೇಲೆ ಬಿಸಿನೀರಿನಲ್ಲಿ ಅವನ ಬೆರಳನ್ನು ಅದ್ದಿ, ಬಗ್ಗಿಸಲು ನೋಡುತ್ತಿದ್ದಳು. ಬೆರಳು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಅವರ ಚಿಂತೆ ಒಂದೇ: ಹಂಗಾಮಿನ ಹೊತ್ತಿಗೆ ಈ ಕೈ ಕತ್ತರಿ ಹಿಡಿದೀತೇ? ನನ್ನ ಮೇಲೆ ಇಬ್ಬರೂ ಒಂದು ಮಾತೂ ಎತ್ತಲಿಲ್ಲ. ನಾನು ಧಾರವಾಡಕ್ಕೆ ಹೊರಟಾಗ ಮಾಮಾ ಎಡಗೈಯಿಂದ ನನ್ನ ಟ್ರಂಕು ಹೊತ್ತು ಬಸ್ಸಿಗೆ ಹಾಕಿದ.

ಮುಂದಿನದರಲ್ಲಿ ನಾನು ಕಂಡದ್ದು ಅರ್ಧ, ಕೇಳಿದ್ದು ಅರ್ಧ. ಹಂಗಾಮಿನಲ್ಲಿ ಮಾಮಾ ಹಟ್ಟಿಗಳಿಗೆ ಹೋದ. ಜೊತೆಯವರು ಎರಡು ಕುರಿ ಮುಗಿಸುವ ಹೊತ್ತಿಗೆ ಇವನದು ಒಂದೂ ಮುಗಿಯುತ್ತಿರಲಿಲ್ಲ. “ಏನಪಾ, ಕುರಿ ಕತ್ತರಸ್ತೀಯೋ, ಮದಿಮಗಗ ಕ್ಷೌರಾ ಮಾಡ್ತೀಯೋ?” ಎಂದು ನಕ್ಕರಂತೆ. ನಗುತ್ತಲೇ ತಮ್ಮ ಗುಂಪಿನಿಂದ ಕೈಬಿಟ್ಟರು.

ಅದೇ ದಿನಗಳಲ್ಲಿ ಬಾಯಾರು ಕಾವಲುಗಾರನನ್ನು ಕಳಿಸಿದರು. ನಾಯಿಯ ಕಿವಿ ಇನ್ನೂ ಗಂಟುಗಟ್ಟಿಯೇ ಇದೆ, ಬರುತ್ತೀರಾ ಎಂದು. ಮಾಮಾ ಎದ್ದು ಕತ್ತರಿ ಹುಡುಕಿದ. ಸಿಗಲಿಲ್ಲ. ಅತ್ತಿ ಅದನ್ನು ಜೋಳದ ಗಡಿಗೆಯೊಳಗೆ ಹುಗಿದಿಟ್ಟಿದ್ದಳು.

“ಹೋಗೂದಾದ್ರ ಬರೇ ಕೈಲೆ ಹೋಗ್ರಿ. ಆ ನಾಯಿ ನಿಮ್ಮ ಕೈಯಾಗಿನ ರೊಟ್ಟಿ ತಿಂದು ಮಾರಿ ನೆಕ್ಕಿದ ದಿನ ಕತ್ತರಿ ಕೊಡ್ತೀನಿ.”

ಇದು ಅತ್ತಿ ಹೇಳುವ ಕಥೆ. ಮಾಮಾನ ಪ್ರಕಾರ ಬರಿಗೈಯಲ್ಲಿ ಹೋಗುವ ವಿಚಾರ ತನ್ನದೇ. “ಹೋರಿಗೆ ಮೊದಲನೇ ದಿನನ ನೊಗಾ ಹೊರಸ್ತೀವೇನು? ನೊಗಾ ಮೂಸಿ ನೋಡಾಕ ಬಿಡ್ತೀವಿ. ನಾಯಿಗೂ ಹಂಗ” ಅನ್ನುತ್ತಾನೆ. ಈ ಜಗಳ ಇಂದಿಗೂ ತೀರ್ಮಾನವಾಗಿಲ್ಲ. ಬಹುಶಃ ಇಬ್ಬರೂ ನಿಜ ಹೇಳುತ್ತಿದ್ದಾರೆ.

ದಸರಾ ರಜೆಗೆ ಬಂದಾಗ, “ನಾನೂ ಬರ್ಲಿ ಮಾಮಾ, ಬಾಯಾರ ಜೋಡಿ ಮಾತಾಡಾಕ?” ಎಂದೆ.

“ಬ್ಯಾಡವ್ವ. ನಡುವ ಯಾರೂ ಬ್ಯಾಡ. ನಾಯಿಗೂ ನನಗೂ ನೇರಾನೇರ” ಅಂದ. ಅಂದವನು ನನ್ನ ಮುಖ ನೋಡಿ, “ಕುಂತು ನೋಡೂದಾದ್ರ ಬಾ” ಎಂದು ಕರೆದುಕೊಂಡು ಹೋದ. ‘ನಡುವ ಯಾರೂ ಬ್ಯಾಡ’ ಎಂಬ ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು. ಅದು ನನಗೆ ಹೇಳಿದ್ದೋ, ಬರೀ ಒಂದು ಮಾತೋ?

ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತು ನೋಡಿದೆ. ಅಷ್ಟರಲ್ಲಿ ಅತ್ತಿಯ ಕೈಯಿಂದ ಕತ್ತರಿ ಹೊರಬಂದಿತ್ತು. ಮಾಮಾ ಅದನ್ನು ನಾಯಿಯಿಂದ ದೂರ, ಬೇವಿನ ಬುಡದಲ್ಲಿಟ್ಟಿದ್ದ. “ತಡಿ” ಅಂದ. ನಾಯಿ ನಿಂತಿತು. ಒಂದು ಚೂರು ರೊಟ್ಟಿ. ಹೋಗಿ ಕತ್ತರಿಯನ್ನು ಎತ್ತಿ, ದೂರದಿಂದಲೇ ಚಕ್ ಅನ್ನಿಸಿದ. “ತಡಿ.” ಇನ್ನೊಂದು ಚೂರು. ಒಂದು ಹೆಜ್ಜೆ ಹತ್ತಿರ, ಚಕ್, ರೊಟ್ಟಿ. ನಾಯಿ ಬೆದರಿ ಹಿಂದೆ ಸರಿದರೆ ಅವನೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಅವಸರವೇ ಇಲ್ಲ. ಕೊನೆಗೆ ಆ ಬಗ್ಗದ ಹೆಬ್ಬೆರಳಿನಿಂದ ಕಿವಿಯ ಬುಡವನ್ನು ಮೆಲ್ಲಗೆ ತೀಡಿದ. ನಾಯಿ ಕಣ್ಣು ಮುಚ್ಚಿತು. ಅವತ್ತು ಒಂದು ಕೂದಲೂ ಕತ್ತರಿಸಲಿಲ್ಲ. ಕಿವಿಯ ಗಂಟು ತೆಗೆದದ್ದು ಇನ್ನೂ ನಾಲ್ಕು ದಿನ ಬಿಟ್ಟು. ಆಗ ನಾಯಿ ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು.

ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ಮಾಮಾ ಮಾತ್ರ ‘ಬಿಳ್ಯಾ’ ಅನ್ನುತ್ತಿದ್ದ. (ಕಂದು ಮಚ್ಚೆ ಇದ್ದಿದ್ದರೆ ಹಾಗೆ ಕರೆಯುತ್ತಿದ್ದನೇ? ಈ ಒಂದು ವಿಷಯದಲ್ಲಿ ಅತ್ತಿಯದೇ ತಪ್ಪಿರಬೇಕು.) ಬಾಯಾರೂ ಅವನಿಂದ ಕಲಿತು ‘ತಡಿ’, ‘ಕುಂದ್ರು’, ‘ಬಿಡು’ ಅನ್ನತೊಡಗಿದರು. ಅವರ ಬಾಯಲ್ಲಿ ಅದು ‘ತಡೀ’ ಎಂದು ಉದ್ದವಾಗುತ್ತಿತ್ತು. ಬಿಳ್ಯಾ ತಪ್ಪು ಹಿಡಿಯದೆ ನಿಲ್ಲುತ್ತಿತ್ತು.

ಸುದ್ದಿ ಒಂದು ಬಂಗಲೆಯಿಂದ ಇನ್ನೊಂದಕ್ಕೆ ಹೋಯಿತು. ಕೂದಲು ತೆಗೆಯಲು ಕರೆದವರಿಗೆ ಮಾಮಾ ಒಂದೇ ಮಾತು ಹೇಳುತ್ತಿದ್ದ: “ಮೊದಲ ಹದಿನೈದು ದಿನ ಬರೇ ಕೈ, ಆಮ್ಯಾಲ ಕತ್ತರಿ.” ಕಲಿಸುವುದಕ್ಕೆ ಬೇರೆ ಕೂಲಿ, ಕತ್ತರಿಸುವುದಕ್ಕೆ ಬೇರೆ. ಕೂದಲೇ ಇಲ್ಲದ ಕಾವಲು ನಾಯಿಯವರೂ ಬರೀ ಕಲಿಸಲೆಂದು ಕರೆದರು. ಭತ್ತದ ಗಿರಣಿಯವರು ತೆಲುಗು ಮಾತಾಡುವವರು. ಅವರ ನಾಯಿಗಾಗಿ ಮಾಮಾ ‘ತಡಿ’ ಬಿಟ್ಟು ‘ಆಗು’ ಅನ್ನುವುದನ್ನು ರೂಢಿ ಮಾಡಿಕೊಂಡ. “ನಾಯಿ ಸಂಬಂಧ ನಾನ ಹೊಸಾ ಸಾಲಿ ಸೇರೀನಿ ನೋಡು” ಎಂದು ನನಗೆ ಹೇಳಿದ. ಆಮೇಲೆ ಯಾವ ನಾಯಿಯೂ ಕಚ್ಚಲಿಲ್ಲ ಎನ್ನುವುದು ಅವನ ಹೇಳಿಕೆ. “ಧೋತರಾ ಹರದದ್ದು ಹೇಳ್ರಿ ಮತ್ತ” ಎನ್ನುವುದು ಅತ್ತಿಯದು.

ಮರುವರ್ಷ ಅತ್ತಿ ನಾಟಿಗೆ ಹೋಗಲಿಲ್ಲ. ಅವಳ ಕಾಲಿನ ಬಿರುಕು ಮಾಯ್ದದ್ದು ನನಗೆ ಸ್ಪಷ್ಟವಾಗಿ ನೆನಪಿದೆ, ಏಕೆಂದರೆ ಆ ಸಲ ಅವಳು ನನ್ನಿಂದ ಕಾಲುಂಗುರದ ಬೆರಳಿಗೆ ಮದರಂಗಿ ಹಚ್ಚಿಸಿಕೊಂಡಳು.

ಎಂಬತ್ತರ ದಶಕ ಶುರುವಾಗಿತ್ತು. ಸಾಹೇಬರಿಗೆ ಮೈಸೂರು ಕಡೆಗೆ ವರ್ಗವಾಯಿತು. ಕೆಲ ತಿಂಗಳ ಮೇಲೆ ಬಾಯಾರಿಂದ ಮಾಮಾನಿಗೆ ಪತ್ರ ಬಂತು, ಇಂಗ್ಲಿಷಿನಲ್ಲಿ. ಮಾಮಾ ಅದನ್ನು ಒಡೆಯದೆ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು, ಬಸ್ ಹತ್ತಿ ಕೊಪ್ಪಳದ ನಮ್ಮ ಮನೆಗೆ ಬಂದ. ಗಂಗಾವತಿಯಲ್ಲೇ ಇಂಗ್ಲಿಷ್ ಓದುವವರು ಬೇಕಾದಷ್ಟು ಜನರಿದ್ದರು.

ಈ ಸಲ ನಾನು ನಿಘಂಟು ತೆಗೆದುಕೊಂಡು ಕುಳಿತೆ. ಮಧ್ಯಾಹ್ನದ ಊಟ ಮುಗಿದು ಚಹಾದ ಹೊತ್ತಾದರೂ ಒಂದೊಂದು ಶಬ್ದ ನೋಡಿ ನೋಡಿ ಹೇಳುತ್ತಿದ್ದೆ. ಬಾಯಾರು ಬರೆದಿದ್ದರು: ಇಲ್ಲಿನ ಕೆಲಸದವಳು ‘ಕೂತ್ಕೋ’ ಅಂದರೆ ಬಿಳ್ಯಾ ಕೂರುವುದಿಲ್ಲ. ‘ಕುಂದ್ರು’ ಅಂದರಷ್ಟೇ ಕೂರುತ್ತದೆ. ನನ್ನ ಗಂಗಾವತಿ ಕನ್ನಡ ಕೇಳಿ ಇಲ್ಲಿಯ ಜನ ನಗುತ್ತಾರೆ. ಮರೆತ ಇನ್ನೆರಡು ಶಬ್ದಗಳನ್ನು ದಯವಿಟ್ಟು ಬರೆದು ಕಳಿಸಿ. ಮಾಮಾ ನಕ್ಕು ನಕ್ಕು ಕಣ್ಣೊರೆಸಿಕೊಂಡ.

ಕೊನೆಯಲ್ಲಿ ಎರಡು ಸಾಲಿತ್ತು. ಅವತ್ತಿನ ಕಚ್ಚಿದ ಗಾಯ ಈಗಲೂ ಮನಸ್ಸಿಗೆ ನೋವು ಕೊಡುತ್ತದೆ, ಕಿವಿ ಮುಟ್ಟಲು ಬಿಳ್ಯಾ ಬಿಡುವುದಿಲ್ಲವೆಂದು ನಾನು ಹೇಳಿದ್ದೆ, ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಎಂದಿದ್ದರು ಬಾಯಾರು. ನಿಘಂಟು ಬೇಕಾಗದ ಸಾಲು ಅದು. ‘ವೋಂಟ್’ ಅಲ್ಲೂ ಇತ್ತು. ನಾನು ಆ ಎರಡು ಸಾಲು ಬಿಟ್ಟೆ. ಬಿಟ್ಟೆನೆಂದೇ ನನ್ನ ನೆನಪು. ಓದಿ ಹೇಳಿಬಿಟ್ಟೆ, ಅವನು ಕ್ಷಮಿಸಿಬಿಟ್ಟ ಎಂದು ನೆನಪನ್ನು ತಿದ್ದಿಕೊಳ್ಳುವ ಆಸೆ ಎಷ್ಟೋ ಸಲ ಬಂದಿದೆ. ಪತ್ರ ಈಗ ಇಲ್ಲ.

“ಇಷ್ಟ ಏನವ್ವ?”

“ಇಷ್ಟ ಮಾಮಾ.”

ಅವನು ಪತ್ರ ತೆಗೆದುಕೊಂಡು, ನಾನು ಬಿಟ್ಟ ಆ ಕೊನೆಯ ಸಾಲುಗಳನ್ನು ಸ್ವಲ್ಪ ಹೊತ್ತು ನೋಡಿದ. ಅಕ್ಷರ ಬಾರದವನು ನೋಡುವ ಹಾಗೆಯೇ ನೋಡಿದ. ಆಮೇಲೆ ಮಡಿಚಿ ಜೇಬಿಗಿಟ್ಟು, “ಛಲೋ ಓದಿದಿ. ಬಾಯಾರಿಗೆ ಬರೀ, ‘ಬಿಡು’ ಅನ್ನಬೇಕಾದ್ರ ದನಿ ಎತ್ತಬಾರದು” ಅಂದ.

ಎಂಬತ್ತರ ದಶಕದ ಕೊನೆಗೊಮ್ಮೆ ಗಂಗಾವತಿಗೆ ಹೋಗಿದ್ದೆ. ಮಾಮಾ ಕಟ್ಟೆಯ ಮೇಲೆ ಕುಳಿತು ಕತ್ತರಿಗೆ ಎಣ್ಣೆ ಹಾಕುತ್ತಿದ್ದ. ಹೆಬ್ಬೆರಳು ಅರ್ಧಕ್ಕೇ ನಿಂತಿತ್ತು. ಅತ್ತಿ ಒಳಗಿದ್ದಳು. ಬೇರೆ ಯಾರೂ ಇರಲಿಲ್ಲ. ಕೇಳಿಯೇಬಿಟ್ಟೆ. ಅವನು ಕತ್ತರಿಯನ್ನು ಎರಡು ಸಲ ಆಡಿಸಿ ನೋಡಿ, “ತಡಿ, ಕೈ ತೊಳಕೊಂಡು ಬರ್ತೀನಿ” ಎಂದು ಎದ್ದು ಹೋದ. ಬಂದ ಮೇಲೆ ನನ್ನ ನೌಕರಿಯ ಮಾತು ತೆಗೆದ. ಅದಾದ ಮೇಲೆ ಎಷ್ಟೋ ಸಲ ಭೇಟಿಯಾಗಿದ್ದೇವೆ. ಆ ಮಾತನ್ನು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ. ಕೇಳಿದ್ದು ಇಷ್ಟೇ:

“ಮಾಮಾ, ಅವತ್ತ ಬಾಯಾರು ಅಂದದ್ದು ನನಗ ತಿಳೀಲಿಲ್ಲ ಅನ್ನೂದು ನಿನಗ ಆಗ್ಲೇ ಗೊತ್ತಿತ್ತೇನು?”